ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಹಾಕಿದರೆ ಕೆಡುತ್ತದೆಯೇ?

ಪ್ರಶ್ನೆ: ನನ್ನದು ಆಟೋಮ್ಯಾಟಿಕ್ ಕಾರು, 1,20,000 ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಲಿವರನ್ನು ಡಿಗೆ (ಡ್ರೈವ್, ಮುಂದಕ್ಕೆ ಹೋಗುವ ಸ್ಥಾನ) ಹಾಕಿದರೆ ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ದಡಕ್ಕನೆ ಮುಂದಕ್ಕೆ ಹೋಗುತ್ತದೆ. ಗೇರ್ ಬದಲಾಗುವಾಗ ಒಮ್ಮೊಮ್ಮೆ ಜರ್ಕ್ ಹೊಡೆಯುತ್ತದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಬದಲಾಯಿಸಿಲ್ಲ. ಈಗ ಬದಲಾಯಿಸಿದರೆ ಇರುವುದೂ ಹೋಗುತ್ತದೆ, ಮುಟ್ಟಲೇಬೇಡಿ ಎಂದು ಎಲ್ಲರೂ ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ಕಿಲೋಮೀಟರ್ ಲೆಕ್ಕ ಬೇರೆ ಇರಬಹುದು, ಪ್ರಶ್ನೆ ಮಾತ್ರ ಇದೇ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಆಯಿಲ್ ಬದಲಾಯಿಸಿ. ಆದರೆ ಅದಕ್ಕೂ ಮೊದಲು ಈಗಿರುವ ಆಯಿಲ್ ಎಷ್ಟಿದೆ, ಹೇಗಿದೆ ಎಂದು ನೋಡಿ. ತೊಂದರೆ ತಣ್ಣಗಿದ್ದಾಗ ಬರುತ್ತದೆಯೋ ಬಿಸಿಯಾದ ಮೇಲೋ, ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗಲೋ ಒಂದು ಚೀಟಿಯಲ್ಲಿ ಬರೆದಿಡಿ. ಮೆಕ್ಯಾನಿಕ್‌ಗೆ ‘ಜರ್ಕ್ ಬರುತ್ತೆ’ ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ‘ತಣ್ಣಗಿದ್ದಾಗ ಮಾತ್ರ, ಎರಡರಿಂದ ಮೂರಕ್ಕೆ ಹೋಗುವಾಗ’ ಎಂದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ನಾನು ಹೇಳುವುದು ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಬಗ್ಗೆ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಜಾತಿಯದ್ದಲ್ಲ. ಎಎಂಟಿ ಎಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದು ಗೇರ್ ಬದಲಿಸುವಾಗ ತಲೆ ಮುಂದಕ್ಕೆ ತೂಗುವುದು ಕಾಯಿಲೆಯಲ್ಲ, ಅದರ ಸ್ವಭಾವ. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಇರುತ್ತದೆ, ಅದರ ಆಯಿಲೇ ಬೇರೆ. ಡ್ಯುಯಲ್ ಕ್ಲಚ್‌ನ ಕಥೆ ಇನ್ನೊಂದು. ನಿಮ್ಮದು ಯಾವುದು ಎಂದು ಗಾಡಿಯ ಮ್ಯಾನುಯಲ್‌ನಲ್ಲಿ ನೋಡಿಕೊಂಡೇ ಮುಂದೆ ಓದಿ.

ಈಗ ಆ ಹಳೇ ಕಥೆಗೆ ಬರೋಣ. ಗೇರ್‌ಬಾಕ್ಸ್ ಒಳಗೆ ಕ್ಲಚ್ ಪ್ಲೇಟ್‌ಗಳಿವೆ, ಅವು ಸವೆದ ಪುಡಿ ಆಯಿಲ್‌ನಲ್ಲಿ ತೇಲುತ್ತಿರುತ್ತದೆ, ಆ ಪುಡಿಯೇ ಸವೆದ ಪ್ಲೇಟ್‌ಗಳಿಗೆ ಹಿಡಿತ ಕೊಡುತ್ತಿದೆ, ಹೊಸ ಆಯಿಲ್ ಹಾಕಿದರೆ ಪುಡಿ ತೊಳೆದುಹೋಗಿ ಪ್ಲೇಟ್ ಜಾರಲು ಶುರುವಾಗುತ್ತದೆ. ಕೇಳುವುದಕ್ಕೆ ಸರಿಯೆನಿಸುತ್ತದೆ. ನುರಿತ ಮೆಕ್ಯಾನಿಕ್‌ಗಳೂ ಇದನ್ನೇ ಹೇಳುತ್ತಾರೆ. ಅವರ ಅನುಭವದ ಮೇಲೆ ನನಗೆ ಗೌರವವಿದೆ, ಈ ಮಾತನ್ನು ಮಾತ್ರ ಒಪ್ಪುವುದಿಲ್ಲ.

ಒಂದು ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಉಕ್ಕಿನ ತೆಳು ಬಳೆಯಂಥ ತಟ್ಟೆ, ಅದರ ಎರಡೂ ಮುಖಕ್ಕೆ ಕಾಗದದ ನಾರಿನಿಂದ ಮಾಡಿದ ಕಂದು ಪದರ ಅಂಟಿಸಿರುತ್ತಾರೆ. ಉಗುರಿನಿಂದ ಒತ್ತಿದರೆ ಸ್ವಲ್ಪ ಮೆತ್ತಗೆ, ಬೆರಳಾಡಿಸಿದರೆ ಸಣ್ಣ ಸಣ್ಣ ಗೆರೆಗಳು ತಾಗುತ್ತವೆ. ಇಂಥ ಪ್ಲೇಟೊಂದು, ಬರೀ ಉಕ್ಕಿನ ಪ್ಲೇಟೊಂದು, ಹೀಗೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ಆಯಿಲ್ ಒತ್ತಡ ಬಂದಾಗ ಪಿಸ್ಟನ್ ಈ ಇಡೀ ಕಟ್ಟನ್ನು ಅದುಮುತ್ತದೆ, ಗೇರ್ ಹಿಡಿಯುತ್ತದೆ. ಆ ಒತ್ತಡ ನಿಮ್ಮ ಟೈರಿನ ಗಾಳಿಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು. ಹಿಡಿತ ಬರುವುದು ಈ ಒತ್ತಡದಿಂದ ಮತ್ತು ಆಯಿಲ್‌ಗೆ ಬೆರೆಸಿರುವ ಘರ್ಷಣೆ ಹತೋಟಿಯ ರಾಸಾಯನಿಕಗಳಿಂದ. ಪುಡಿಯಿಂದ ಹಿಡಿತ ಬರುವ ಹಾಗಿದ್ದರೆ ಗಾಡಿ ತಯಾರಿಸುವವರೇ ಪುಡಿ ಬೆರೆಸಿ ಕೊಡುತ್ತಿದ್ದರು.

ಘರ್ಷಣೆಯ ಈ ರಾಸಾಯನಿಕಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಒಂದು ವಿಷಯ ಹೇಳಬೇಕು. ಹೈಡ್ರಾಮ್ಯಾಟಿಕ್ ಎಂಬ ಮೊದಲ ಯಶಸ್ವಿ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಜನರಲ್ ಮೋಟಾರ್ಸ್ 1939ರಲ್ಲಿ, 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಗಾಗಿ ತಂದಿತು. ಅಮೆರಿಕದಲ್ಲಿ ಇಂಥ ಗೇರ್‌ಬಾಕ್ಸ್‌ಗಳ ಆಯಿಲ್‌ಗೆ 1970ರ ದಶಕದ ಆರಂಭದವರೆಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಪ್ಲೇಟ್‌ಗಳು ಜಗ್ಗದೆ, ನಡುಗದೆ, ನಯವಾಗಿ ಹಿಡಿಯಲಿ ಎಂದು. ಆ ತಿಮಿಂಗಿಲಕ್ಕೆ ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಬದಲಿ ರಾಸಾಯನಿಕ ಹುಡುಕಬೇಕಾಯಿತು. ಆಯಿಲ್ ಹಳತಾದಂತೆ ಮೊದಲು ಸೋಲುವುದು ಈ ಗುಣವೇ.

ಹಾಗಾದರೆ ಆ ಪುಡಿ ಏನು ಮಾಡುತ್ತದೆ? ಆಯಿಲ್ ಒತ್ತಡವನ್ನು ಬೇಕಾದ ಕ್ಲಚ್ಚಿಗೆ ಹಂಚುವ ವಾಲ್ವ್ ಬಾಡಿಯೊಳಗೆ ಪೆನ್ಸಿಲ್ ತುಂಡಿನಂಥ ವಾಲ್ವ್‌ಗಳು ಅಲ್ಯೂಮಿನಿಯಂ ತೂತುಗಳಲ್ಲಿ ಹಿಂದೆ ಮುಂದೆ ಓಡಾಡುತ್ತಿರುತ್ತವೆ. ಅಲ್ಲಿನ ಸಂದು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು. ಪುಡಿ ಅಲ್ಲಿ ಸಿಕ್ಕಿ ತೂತನ್ನು ಉಜ್ಜಿ ಅಗಲ ಮಾಡುತ್ತದೆ, ಒತ್ತಡ ಸೋರುತ್ತದೆ, ಪ್ಲೇಟ್ ಸಾಕಷ್ಟು ಅದುಮಿಕೊಳ್ಳದೆ ಜಾರುತ್ತದೆ, ಜಾರಿದ ಪ್ಲೇಟ್ ಇನ್ನಷ್ಟು ಪುಡಿ ಉದುರಿಸುತ್ತದೆ. ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ, ಅಂದರೆ ಪ್ಯಾನ್‌ನಲ್ಲಿರುವ ಅಯಸ್ಕಾಂತ ಉಕ್ಕಿನ ಕಣ ಹಿಡಿಯುತ್ತದೆಯೇ ಹೊರತು ಕಾಗದದ ನಾರನ್ನು ಹಿಡಿಯುವುದಿಲ್ಲ. ಯಾವುದನ್ನು ರಕ್ಷಣೆ ಎಂದು ನಂಬಿದ್ದೀರೋ ಅದೇ ಒಳಗೊಳಗೆ ತಿನ್ನುತ್ತಿರುತ್ತದೆ.

‘ಆದರೆ ನಮ್ಮ ಪರಿಚಯದವರ ಗಾಡಿ ಆಯಿಲ್ ಬದಲಾಯಿಸಿದ ತಿಂಗಳಿಗೇ ನಿಂತುಹೋಯಿತಲ್ಲ?’ ನಿಂತಿರಬಹುದು. ಅವರು ಆಯಿಲ್ ಬದಲಾಯಿಸಿದ್ದು ಯಾವಾಗ ಎಂದು ಕೇಳಿ. ಗೇರ್ ಜಾರತೊಡಗಿದ ಮೇಲೆ! ಹತ್ತು ವರ್ಷ ಮುಟ್ಟದೆ, ಪ್ಲೇಟ್ ಕರಕಲಾದ ಮೇಲೆ ಕೊನೇ ಪ್ರಯತ್ನ ಎಂದು ಆಯಿಲ್ ಹಾಕಿಸುತ್ತಾರೆ. ಆ ಗೇರ್‌ಬಾಕ್ಸ್ ಹೇಗೂ ಹೋಗುವುದೇ ಆಗಿತ್ತು, ದೂರು ಹೊಸ ಆಯಿಲ್ ತಲೆಗೆ ಬಂತು. ಸುಟ್ಟ ಪ್ಲೇಟ್‌ಗೆ ಆಯಿಲ್ ಜೀವ ಕೊಡುವುದಿಲ್ಲ. ಇದನ್ನು ನಾನು ಗಾಡಿ ತಂದವರಿಗೆ ಮೊದಲೇ ಹೇಳಿಬಿಡುತ್ತೇನೆ.

ಆಯಿಲ್ ಬದಲಾಯಿಸಿದ್ದರಿಂದಲೇ ಕೆಟ್ಟ ಗೇರ್‌ಬಾಕ್ಸ್‌ಗಳನ್ನೂ ನೋಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಅಲ್ಲೆಲ್ಲ ತಪ್ಪು ಬೇರೆ ಇತ್ತು. ತಯಾರಕರು ಹೇಳಿದ ದರ್ಜೆ ಬಿಟ್ಟು ಸಿಕ್ಕಿದ ಕೆಂಪು ಆಯಿಲ್ ಸುರಿದಿದ್ದರು. ಕೆಂಪು ಬರೀ ಬಣ್ಣ, ಸೋರಿದರೆ ಗುರುತು ಸಿಗಲಿ ಎಂದು ಹಾಕುವುದು, ಅದರಿಂದ ದರ್ಜೆ ತಿಳಿಯುವುದಿಲ್ಲ. ಇಲ್ಲವೇ ಅಳತೆ ತಪ್ಪಿಸಿದ್ದರು. ಇಲ್ಲವೇ ಯಂತ್ರ ಜೋಡಿಸಿ ಜೋರು ಒತ್ತಡದಲ್ಲಿ ಫ್ಲಶ್ ಮಾಡಿ, ಮೂಲೆಯಲ್ಲಿ ತಣ್ಣಗೆ ಕೂತಿದ್ದ ಕೆಸರನ್ನು ಎಬ್ಬಿಸಿ ವಾಲ್ವ್‌ಗಳಿಗೆ ಕಳಿಸಿದ್ದರು.

ಅದಕ್ಕೇ ಹಳೇ ಗಾಡಿಗೆ ನಾನು ಫ್ಲಶ್ ಹೇಳುವುದಿಲ್ಲ. ಪ್ಯಾನ್ ಬಿಚ್ಚಿ, ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಅಯಸ್ಕಾಂತ ಒರೆಸಿ, ಇಳಿದಷ್ಟೇ ಹೊಸದು ತುಂಬಿಸಿ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲಿ ನಿಂತ ಆಯಿಲ್ ಇಳಿಯುವುದಿಲ್ಲವಾದ್ದರಿಂದ ಒಂದು ಸಲಕ್ಕೆ ಬದಲಾಗುವುದು ಅರ್ಧಕ್ಕಿಂತ ಕಡಿಮೆ. ಶೇಕಡ 40 ಎಂದಿಟ್ಟುಕೊಳ್ಳಿ. ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಮಾಡಿದರೆ ಹೊಸ ಆಯಿಲ್ ಶೇಕಡ 64, ಮೂರನೇ ಸಲಕ್ಕೆ ಸುಮಾರು 78. ನಿಧಾನವಾದರೂ ಒಳಗಿನ ಕೆಸರು ಒಮ್ಮೆಲೇ ಏಳುವುದಿಲ್ಲ. ‘ಲೈಫ್‌ಟೈಮ್ ಆಯಿಲ್, ಬದಲಾಯಿಸುವುದೇ ಬೇಡ’ ಎಂಬ ಮಾತನ್ನು ನಂಬಿ ಕೂತವರಿಗೂ ಒಂದು ವಿಷಯ: ಹಲವಾರು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರ್ ನಡುವೆ, ಇಲ್ಲವೇ 8 ವರ್ಷಕ್ಕೆ, ಆಯಿಲ್ ಬದಲಾಯಿಸಿ ಎನ್ನುತ್ತದೆ.

ಈಗ ನಿಮ್ಮ ಗಾಡಿಗೆ ಬರುತ್ತೇನೆ. ಬೆಳಿಗ್ಗೆ ಡಿಗೆ ಹಾಕಿದಾಗ ತಡವಾಗುತ್ತದೆ ಎಂದರೆ ಪಿಸ್ಟನ್‌ಗೆ ಒತ್ತಡ ತುಂಬಲು ಹೊತ್ತು ಹಿಡಿಯುತ್ತಿದೆ. ಆಯಿಲ್ ಕಡಿಮೆ ಇರಬಹುದು, ಫಿಲ್ಟರ್ ಕಟ್ಟಿರಬಹುದು, ರಬ್ಬರ್ ಸೀಲುಗಳು ಗಟ್ಟಿಯಾಗಿರಬಹುದು. ಸೀಲಿನ ತೊಂದರೆಯಾದರೆ ಗಾಡಿ ಬಿಸಿಯಾದಂತೆ ಕಡಿಮೆಯಾಗುತ್ತದೆ, ಏಕೆಂದರೆ ಬಿಸಿಗೆ ರಬ್ಬರ್ ಮೆತ್ತಗಾಗುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಂಜಿನ್ ಓಡುತ್ತಿರುವಾಗಲೇ, ಬಿಸಿಯಾದ ಮೇಲೆ, ಪಿಯಲ್ಲಿ (ಪಾರ್ಕ್) ಇಟ್ಟು ಅಳತೆ ನೋಡಬೇಕು. ಕೆಲವಕ್ಕೆ ಇಂಜಿನ್ ನಿಲ್ಲಿಸಿ ನೋಡಬೇಕು, ಆದ್ದರಿಂದ ಮ್ಯಾನುಯಲ್ ಹೇಳಿದ್ದೇ ಕೊನೇ ಮಾತು. ಡಿಪ್‌ಸ್ಟಿಕ್ಕೇ ಇಲ್ಲದ ಹೊಸ ಗಾಡಿಗಳಲ್ಲಿ ಗೇರ್‌ಬಾಕ್ಸ್‌ನ ಲೆವೆಲ್ ಬೋಲ್ಟ್ ಬಿಚ್ಚಿ, ಗೊತ್ತುಪಡಿಸಿದ ಉಷ್ಣತೆಯಲ್ಲಿ ನೋಡುತ್ತಾರೆ. ಬಿಸಿಗೆ ಆಯಿಲ್ ಹಿಗ್ಗುವುದರಿಂದ ಉಷ್ಣತೆ ತಪ್ಪಿದರೆ ಅಳತೆಯೂ ತಪ್ಪಿದಂತೆಯೇ.

ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ಚೆನ್ನಾಗಿರುವ ಆಯಿಲ್ ನಿಧಾನವಾಗಿ ಹರಡಿ ತಿಳಿ ಕೆಂಪು ವೃತ್ತವಾಗುತ್ತದೆ. ವಯಸ್ಸಾದದ್ದು ಕಂದು. ನಡುವೆ ಕಪ್ಪು ಚುಕ್ಕಿ ಹರಡದೆ ಹಾಗೇ ಕೂತು, ಸುಟ್ಟ ವಾಸನೆ ಹೊಡೆದರೆ ಪ್ಲೇಟ್ ಸುಟ್ಟಿದೆ. ಹಾಲು ಬೆರೆಸಿದ ಹಾಗೆ ಗುಲಾಬಿಯಾಗಿದ್ದರೆ ರೇಡಿಯೇಟರ್‌ನ ಕೂಲಂಟ್ ಒಳಗೆ ಸೇರಿದೆ, ಗಾಡಿಯನ್ನು ಒಂದು ಮೈಲಿಯೂ ಓಡಿಸಬೇಡಿ, ಕಾಗದದ ಪದರ ಕಿತ್ತು ಬರುತ್ತದೆ. ಪ್ಯಾನ್ ಬಿಚ್ಚಿದಾಗ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಗಾಬರಿ ಬೇಡ, ಅದು ಎಲ್ಲ ಗಾಡಿಯಲ್ಲೂ ಇರುತ್ತದೆ. ಚೂರುಗಳು ಮಿನುಗಿದರೆ ಮಾತ್ರ ಒಳಗೆ ಏನೋ ಮುರಿದಿದೆ.

ಡಿ ಮತ್ತು ಆರ್ (ರಿವರ್ಸ್) ಎರಡಕ್ಕೂ ದಢಕ್ ಎಂದು ಹೊಡೆದರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ಇಂಜಿನ್ ಮೌಂಟ್ ನೋಡಿ. ಹರಿದ ರಬ್ಬರ್ ಮೌಂಟ್‌ನ ಹೊಡೆತವನ್ನು ಗೇರ್‌ಬಾಕ್ಸ್ ಕಾಯಿಲೆ ಎಂದುಕೊಂಡು ಬಂದವರು ಎಷ್ಟೋ ಜನ.

ಗಂಟೆಗೆ 60-70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದ್ದಾಗ ಸಾಲು ಹಂಪ್ ಮೇಲೆ ಹೋದಂತೆ ಗಾಡಿ ನಡುಗುತ್ತದೆ ಎಂಬುದು ಇನ್ನೊಂದು ದೂರು. ಟಾರ್ಕ್ ಕನ್ವರ್ಟರ್‌ನಲ್ಲಿ ಲಾಕಪ್ ಕ್ಲಚ್ ಎಂಬುದಿದೆ, ಸ್ಥಿರ ವೇಗದಲ್ಲಿ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುತ್ತದೆ. ಖಾಲಿ ರಸ್ತೆಯಲ್ಲಿ, ಆಕ್ಸಿಲರೇಟರ್ ಹಾಗೇ ಹಿಡಿದು, ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಸಾಮಾನ್ಯವಾಗಿ ಆಗ ಲಾಕಪ್ ಬಿಡುತ್ತದೆ, ಆರ್‌ಪಿಎಂ ಮುಳ್ಳು ಸ್ವಲ್ಪ ಏರುತ್ತದೆ. ನಡುಕ ತಟ್ಟನೆ ನಿಂತರೆ ಲಾಕಪ್ ಕ್ಲಚ್‌ನದೇ ತೊಂದರೆ, ಅನೇಕ ಸಲ ಹೊಸ ಆಯಿಲ್‌ನಿಂದಲೇ ಸರಿಹೋಗುತ್ತದೆ. ಮುಂದುವರಿದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ಕಡೆ ನೋಡಿ. ಮಿಸ್‌ಫೈರ್ (ಇಂಜಿನ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕೂಡ ಹೀಗೇ ನಡುಗಿಸುತ್ತದೆ.

ಗಾಡಿ ಒಂದೇ ಗೇರಿನಲ್ಲಿ, ಎರಡರಲ್ಲೋ ಮೂರರಲ್ಲೋ, ಸಿಕ್ಕಿಕೊಂಡು ಎಳೆಯದೆ ಇದ್ದರೆ ಅದು ತನ್ನನ್ನು ಉಳಿಸಿಕೊಳ್ಳಲು ಲಿಂಪ್ ಮೋಡ್‌ಗೆ ಹೋಗಿದೆ. ಸ್ಕ್ಯಾನರ್ ಹಾಕಿಸಿ. ಪಿ0700 ಎಂಬ ಕೋಡ್ ಬಂದರೆ ಗೇರ್‌ಬಾಕ್ಸ್ ಬದಲಾಯಿಸಿ ಎಂದು ಅದರ ಅರ್ಥವಲ್ಲ. ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಇನ್ನೊಂದು ಕೋಡ್ ಇದೆ, ಅದನ್ನು ಓದಿ ಎಂದಷ್ಟೇ ಅದು ಹೇಳುವುದು. ಆ ಇನ್ನೊಂದು ಪಿ0715 ಅಥವಾ ಪಿ0720 ಆಗಿದ್ದರೆ ವೇಗ ಅಳೆಯುವ ಸೆನ್ಸರ್ ಅಥವಾ ಅದರ ವೈರ್ ಕಡೆ ಹೋಗಿ. ಪಿ0730 ಬಂದರೆ ಗೇರ್ ನಿಜವಾಗಿಯೂ ಜಾರುತ್ತಿರಬಹುದು. ಇಳಿದ ಬ್ಯಾಟರಿಯೂ ಸುಳ್ಳು ಕೋಡ್ ಹುಟ್ಟಿಸುತ್ತದೆ, ಅದನ್ನೂ ಒಮ್ಮೆ ಪರೀಕ್ಷಿಸಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ, ಏಕೆಂದರೆ ಮುಂದಿನ ಪತ್ರದಲ್ಲಿ ಇದು ಬಂದೇ ಬರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಪಿಯಿಂದ ತೆಗೆಯುವಾಗ ಲಿವರ್ ಬಿಗಿಯಾಗಿ, ‘ಠಣ್’ ಎಂದು ಸದ್ದಾಗುತ್ತದೆ. ಗೇರ್ ಮುರಿಯಿತೇ? ಮುರಿದಿಲ್ಲ. ಪಿಗೆ ಹಾಕಿದಾಗ ಗೇರ್‌ಬಾಕ್ಸ್‌ನ ಹೊರ ಶಾಫ್ಟ್‌ನಲ್ಲಿರುವ ಹಲ್ಲಿನ ಚಕ್ರಕ್ಕೆ ಬೆರಳಿನಂಥ ಒಂದು ಕೊಂಡಿ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಕಾಲು ತೆಗೆದರೆ ಇಡೀ ಗಾಡಿಯ ಭಾರ ಆ ಒಂದು ಬೆರಳಿಗೆ ಜೋತುಬೀಳುತ್ತದೆ. ನೀವು ಕೇಳುವ ಸದ್ದು ಅದನ್ನು ಬಲವಂತವಾಗಿ ಕಿತ್ತದ್ದು. ಗಾಡಿ ನಿಲ್ಲಿಸುವಾಗ ಕಾಲು ಬ್ರೇಕ್ ಮೇಲೆ ಇರಲಿ, ಎನ್‌ಗೆ (ನ್ಯೂಟ್ರಲ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕಾಲು ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ಕೂರಲು ಬಿಡಿ, ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ. ಹೊರಡುವಾಗ ಬ್ರೇಕ್ ಒತ್ತಿ ಮೊದಲು ಪಿಯಿಂದ ತೆಗೆಯಿರಿ, ಹ್ಯಾಂಡ್‌ಬ್ರೇಕ್ ಆಮೇಲೆ. ಇವತ್ತೇ ಮಾಡಿ ನೋಡಿ, ಆ ಸದ್ದು ಬರುವುದಿಲ್ಲ.