ಸುಣ್ಣದ ಕಲ್ಲೊಳಗಿನ 44 ಕಿಲೋ

ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಅದು ಮನೆಯ ನೆಲಕ್ಕೆ ಹಾಸಾದರೆ ಅದರೊಳಗಿನ ಇಂಗಾಲ ನೂರಾರು ವರ್ಷ ಅಲ್ಲೇ ಇರುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ, ಮಳಖೇಡದ ಸಿಮೆಂಟ್ ಗೂಡಿಗೆ ಬಿದ್ದ ಸುಣ್ಣದ ಕಲ್ಲಿನ ಗತಿ ಬೇರೆ. 100 ಕಿಲೋ ಶುದ್ಧ ಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಲ್ಲಿದ್ದಲಿನ ಹೊಗೆ ಇದರ ಮೇಲೆ. ಹಾಗಾಗಿ ಕಾರ್ಖಾನೆಯನ್ನು ಪೂರ್ತಿ ಸೋಲಾರ್ ಕರೆಂಟಿನಲ್ಲಿ ಓಡಿಸಿದರೂ ದೊಡ್ಡ ಪಾಲು ಕಡಿಮೆಯಾಗುವುದಿಲ್ಲ. ಕಡಿಮೆ ಮಾಡಬೇಕಾದದ್ದು ಗೂಡಿನಿಂದ ಬರುವ, ಅರೆದು ಸಿಮೆಂಟ್ ಮಾಡುವ ಗಂಟುಗಳನ್ನು, ಅಂದರೆ ಕ್ಲಿಂಕರನ್ನು.

ಟನ್ ಕ್ಲಿಂಕರ್‌ಗೆ ಕಲ್ಲಿನಿಂದ ಸುಮಾರು 525 ಕಿಲೋ, ಇಂಧನದಿಂದ 300 ಕಿಲೋ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಬಹುಪಾಲು ಕ್ಲಿಂಕರೇ ಇರುವ ಸಾಮಾನ್ಯ ಸಿಮೆಂಟಿನ (ಓಪಿಸಿ) 50 ಕಿಲೋ ಚೀಲದ ಲೆಕ್ಕ ಹೆಚ್ಚುಕಡಿಮೆ 39 ಕಿಲೋ. ಉಷ್ಣ ಸ್ಥಾವರದ ಹಾರುಬೂದಿ 35% ಬೆರೆತ ಮಿಶ್ರ ಸಿಮೆಂಟ್ (ಪಿಪಿಸಿ) ಚೀಲದ್ದು 25 ಕಿಲೋ.

ಯುರೋಪು 2005ರಲ್ಲಿ ಒಟ್ಟು ಹೊರಸೂಸುವಿಕೆಗೇ ಮಿತಿ ಹಾಕಿ, ಹೊಗೆ ಬಿಡುವ ಪರವಾನಗಿಗಳನ್ನು ಕೊಂಡು ಮಾರುವ ಮಾರುಕಟ್ಟೆ ತೆರೆಯಿತು. ಮೊದಲು ಬೇಕಾಬಿಟ್ಟಿ ಹಂಚಿದ್ದರಿಂದ 2007ರಲ್ಲಿ ಪರವಾನಗಿಯ ಬೆಲೆ ಸೊನ್ನೆಗಿಳಿಯಿತು. ಈಗ ಸಿಮೆಂಟಿಗೆ ಕೊಡುವ ಉಚಿತ ಪರವಾನಗಿಗಳನ್ನು 2026ರಿಂದ 2034ರವರೆಗೆ ಹಂತಹಂತವಾಗಿ ಕಿತ್ತುಹಾಕಿ, ಆಮದಿನ ಮೇಲೆ ಗಡಿಯಲ್ಲೇ ಇಂಗಾಲದ ಶುಲ್ಕ ವಿಧಿಸುವ ಏರ್ಪಾಡಿದೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆ ವರ್ಷಕ್ಕೆ 4 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿದಿಡಬಲ್ಲದು, ಅಂದರೆ ತನ್ನ ಹೊಗೆಯ ಅರ್ಧದಷ್ಟು. ಅದರ ಹಿಂದೆ ಸರ್ಕಾರದ ಭಾರೀ ದುಡ್ಡಿದೆ. ಆ ಖರ್ಚನ್ನು ನಮ್ಮಲ್ಲಿ ಮನೆ ಕಟ್ಟುವವರ ಮೇಲೆ ಹೊರಿಸುವುದು ಅನ್ಯಾಯ.

ಭಾರತದ 2023ರ ಇಂಗಾಲ ವಹಿವಾಟು ಯೋಜನೆ ಒಟ್ಟು ಹೊಗೆಗೆ ಮಿತಿ ಹಾಕದೆ, ಟನ್ ಉತ್ಪನ್ನಕ್ಕೆ ಇಷ್ಟೇ ಎಂದು ಗುರಿ ಕೊಡುತ್ತದೆ. ಅಮೆರಿಕದವನ ತಲಾ ಹೊರಸೂಸುವಿಕೆ ವರ್ಷಕ್ಕೆ ಸುಮಾರು 14 ಟನ್, ನಮ್ಮದು 2 ಟನ್. ಶಾಲೆ, ಸೇತುವೆ ಇನ್ನೂ ಕಟ್ಟಬೇಕಾದ ದೇಶಕ್ಕೆ ಇದೇ ಸರಿ. ಆದರೆ ಉತ್ಪಾದನೆ ಬೆಳೆದಂತೆ ಒಟ್ಟು ಹೊಗೆಯೂ ಬೆಳೆಯಬಹುದು. ಗುರಿಯನ್ನು ವರ್ಷವರ್ಷ ಬಿಗಿ ಮಾಡದಿದ್ದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಜಿಲ್ಲೆಯ ಮಟ್ಟದಲ್ಲಿ ಇದಕ್ಕಿಂತ ಬೇಗ ಕೆಲಸ ಮಾಡುವುದು ಸರ್ಕಾರಿ ಕಾಮಗಾರಿಯ ಟೆಂಡರ್. ಅದರಲ್ಲಿ ಮಿಶ್ರ ಸಿಮೆಂಟ್ ಕಡ್ಡಾಯ ಮಾಡಿದರೆ ಸಾಲದು, ನೀರುಣಿಸುವ ದಿನಗಳಿಗೂ ಹಣ ಇಡಬೇಕು. ಹಾರುಬೂದಿಯು, ಸಿಮೆಂಟಿನಿಂದ ಬಿಡುಗಡೆಯಾದ ಸುಣ್ಣದೊಂದಿಗೆ ನಿಧಾನಕ್ಕೆ ಬೆರೆತು ಗಟ್ಟಿಯಾಗುತ್ತದೆ, ಅದಕ್ಕೆ ತೇವ ಬೇಕೇಬೇಕು. ಒಣ ಬಿಸಿಲಿನಲ್ಲಿ ಮಿಶ್ರ ಸಿಮೆಂಟಿಗೆ 14 ದಿನ ಕ್ಯೂರಿಂಗ್ ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಕಲಬುರಗಿಯ ಮೇ ತಿಂಗಳಲ್ಲಿ ಐದನೇ ದಿನಕ್ಕೇ ನೀರು ನಿಂತರೆ ಬೂದಿ ಬರೀ ಪುಡಿಯಾಗಿ ಉಳಿದು ಸ್ಲ್ಯಾಬಿನ ಮೇಲ್ಮೈ ಉದುರುತ್ತದೆ, ಗೌಂಡಿ ಸಿಮೆಂಟನ್ನೇ ಬೈಯುತ್ತಾನೆ. ಒದ್ದೆ ಗೋಣಿತಾಟು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಇದ್ದರೆ ಕಡಿಮೆ ನೀರಿನಲ್ಲೇ ತೇವ ಉಳಿಯುತ್ತದೆ. ಸೆಂಟ್ರಿಂಗ್ ಬಿಚ್ಚಲೂ ಅವಸರ ಮಾಡಬಾರದು.

ರಾಯಚೂರಿನ ಶಕ್ತಿನಗರದಂಥ ಉಷ್ಣ ಸ್ಥಾವರಗಳು ಮುಂದೊಂದು ದಿನ ನಿಂತರೆ ಬೂದಿಯೂ ನಿಲ್ಲುತ್ತದೆ. ಆಗ ಒದಗುವುದು ಎಲ್‌ಸಿ3 ಎಂಬ ಇನ್ನೊಂದು ಮಿಶ್ರ ಸಿಮೆಂಟ್: ಕ್ಲಿಂಕರ್ 50, ಸುಟ್ಟ ಜೇಡಿ 30, ಹಸಿ ಸುಣ್ಣದ ಕಲ್ಲು 15, ಜಿಪ್ಸಂ 5 ಪಾಲು. ಕ್ಲಿಂಕರ್‌ಗೆ 1450 ಡಿಗ್ರಿ ಶಾಖ ಬೇಕು, ಜೇಡಿಗೆ 800 ಸಾಕು. ಗೂಡಿಗೆ ಒಗ್ಗದ ಕೆಳದರ್ಜೆಯ ಕಲ್ಲೂ ಇದಕ್ಕೆ ನಡೆಯುತ್ತದೆ. ಜೇಡಿಯಲ್ಲಿ ಮಾತ್ರ ಕನಿಷ್ಠ 40% ಕಯೋಲಿನೈಟ್ ಎಂಬ ಬಿಳಿ ಜೇಡಿಯ ಖನಿಜ ಇರಬೇಕು. ಉಬ್ಬಿ ಬಿರಿಯುವ ನಮ್ಮ ಎರೆಮಣ್ಣು ಆ ಜಾತಿಯದಲ್ಲ. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯ ಕೆಳಪದರಗಳಲ್ಲಿ ಕಪ್ಪುಶಿಲೆ (ಬಸಾಲ್ಟ್) ಕೊಳೆತು ಕಯೋಲಿನೈಟ್ ಆಗಿದೆ. ಮೊದಲು ಅಲ್ಲಿಯ ಮಾದರಿಗಳನ್ನು ಪರೀಕ್ಷಿಸಬೇಕು. ಕಬ್ಬಿಣ ಹೆಚ್ಚಿದ್ದರೆ ಸುಟ್ಟ ಜೇಡಿ ಕೆಂಪಾಗುತ್ತದೆ. ಬಲಕ್ಕೆ ಅದರಿಂದ ತೊಂದರೆಯಿಲ್ಲ. ಬೂದು ಬಣ್ಣವೇ ಬೇಕೆನ್ನುವ ಗಿರಾಕಿಗಾಗಿ ಅದನ್ನು ಆಮ್ಲಜನಕ ತಾಗದಂತೆ ತಣಿಸಬೇಕಾಗುತ್ತದೆ.