ಒಂದು ಎಲೆಗೆ ಎಷ್ಟು ಬಿತ್ತು?

ಮದುವೆ, ರಿಸೆಪ್ಷನ್‌ಗಳ ಏರ್ಪಾಡು ಮಾಡಿಕೊಡುವುದು ನನ್ನ ಕೆಲಸ. ಹೋದ ಮಾಘದಲ್ಲಿ ಅಂಕೋಲಾ ಕಡೆಯ ಒಬ್ಬರು ಕುಮಟಾದ ನಮ್ಮ ಆಫೀಸಿಗೆ ಬಂದರು. ಮಗನ ಮದುವೆ. ಹುಡುಗಿ ಶಿರಸಿ ಕಡೆಯವಳು. ಮದುವೆ ಹುಡುಗಿಯ ಮನೆಯಂಗಳದಲ್ಲಿ, ರಿಸೆಪ್ಷನ್ ಮಾತ್ರ ಇವರದ್ದು. ಅಂಗಿ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮೂರು ಹಾಲ್‌ಗಳ ಹೆಸರು, ಎದುರಿಗೆ ಬಾಡಿಗೆ: 25 ಸಾವಿರ, 40 ಸಾವಿರ, 55 ಸಾವಿರ. ಮೊದಲನೆಯದರ ಕೆಳಗೆ ಎರಡು ಗೆರೆ ಎಳೆದಿದ್ದರು.

"ಇದೇ ಅಗ್ಗ ಅಲ್ವಾ ತಂಗಿ? ನಾಳೆ ಅಡ್ವಾನ್ಸ್ ಕೊಟ್ಟು ಬರ್ಲಾ?"

"ಸ್ವಲ್ಪ ತಡೀರಿ ಅಣ್ಣ. ಎಷ್ಟು ಎಲೆ?"

"ಒಂದು ನಾನೂರು ಅಂದ್ಕಳ್ಳಿ."

ನಮ್ಮ ಕಡೆ ಊಟದ ಲೆಕ್ಕ ಇವತ್ತಿಗೂ ಎಲೆಯಲ್ಲೇ. ಅಡುಗೆಯವರು ಮೊದಲು ಕೇಳುವುದೂ ಅದನ್ನೇ. ಹಾಲ್‌ಗೂ ಅದೇ ಲೆಕ್ಕ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಾಡಿಗೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಆ ಹಾಲ್‌ನಲ್ಲಿ ಕಾರ್ಯ ಮುಗಿಸಿ ಬೀಗ ಹಿಂದೆ ಕೊಡುವಷ್ಟರಲ್ಲಿ ಒಟ್ಟು ಎಷ್ಟು ಕೈಬಿಡುತ್ತದೆ ನೋಡಿ, ಅದನ್ನು ಎಲೆಯಿಂದ ಭಾಗಿಸಿ. ಆಗ ಬರುವುದು ನಿಜವಾದ ದರ.

ಅವತ್ತು ಅದೇ ಹಾಳೆಯ ಹಿಂದೆ ಬರೆದೆವು. ನಡುವಿನ 40 ಸಾವಿರದ್ದನ್ನು ಮೊದಲೇ ಹೊಡೆದು ಹಾಕಿದೆ. ಅಲ್ಲಿನ ಅಡುಗೆಮನೆಗೆ ಮೀನು ಒಯ್ಯುವ ಹಾಗಿಲ್ಲ, ಇವರಿಗೆ ಮೀನೂಟವೇ ಆಗಬೇಕು. ಕಾರವಾರ, ಅಂಕೋಲಾ ಕಡೆಯವರು ಹಾಲ್ ಮೆಟ್ಟಿಲು ಹತ್ತುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ದೇವಸ್ಥಾನದ, ಸಮಾಜದ ಎಷ್ಟೋ ಸಭಾಭವನಗಳಲ್ಲಿ ಮೀನು, ಮಾಂಸ ನಡೆಯುವುದಿಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾದರೆ ಇಕ್ಕಟ್ಟಾಗುತ್ತದೆ.

ಉಳಿದದ್ದು ಎರಡು. 25 ಸಾವಿರದ ಹಾಲ್‌ನಲ್ಲಿ ಪಾತ್ರೆ ಇಲ್ಲ, ಹೊರಗಿನಿಂದ ತಂದರೆ ಬಾಡಿಗೆ 9 ಸಾವಿರ. ಕುರ್ಚಿ ಇರುವುದು 100. ಇನ್ನು 300 ಬೇಕು, ಒಂದಕ್ಕೆ 10 ರೂಪಾಯಿ ಅಂದರೂ 3 ಸಾವಿರ. ಜನರೇಟರ್ ಇಲ್ಲ, ತರಿಸಿದರೆ ಬಾಡಿಗೆ 8 ಸಾವಿರ, ಡೀಸೆಲ್ ನಾಲ್ಕೂವರೆ ಸಾವಿರ. ಕ್ಲೀನಿಂಗ್ 4 ಸಾವಿರ. ಮೇ ತಿಂಗಳು, ಬಾವಿ ತಳ ಕಂಡಿರುತ್ತದೆ, ಎರಡು ಟ್ಯಾಂಕರ್ ನೀರಿಗೆ 3 ಸಾವಿರ. ಹುಡುಗಿ ಕಡೆಯವರಿಗೆ ಅಲ್ಲಿ ರೂಮು ಇಲ್ಲ, ಲಾಡ್ಜ್‌ನಲ್ಲಿ ಆರು ರೂಮಿಗೆ 10,800. ಗಾಡಿ ನಿಲ್ಲಿಸುವ ಗದ್ದೆಗೆ ಲೈಟು ಎಳೆಸಲು ಮೂರೂವರೆ ಸಾವಿರ. ಎಲ್ಲ ಕೂಡಿಸಿದರೆ 70,800. ನಾನೂರು ಎಲೆಗೆ ಹಂಚಿದರೆ ಒಂದಕ್ಕೆ 177 ರೂಪಾಯಿ.

55 ಸಾವಿರದ್ದಕ್ಕೆ ಜಿಎಸ್‌ಟಿ ಶೇಕಡಾ 18, ಅಂದರೆ 9,900. ಕರೆಂಟು ಮೀಟರ್ ಪ್ರಕಾರ, ಸುಮಾರು ಎರಡೂವರೆ ಸಾವಿರ. ಪಾತ್ರೆ, ಕುರ್ಚಿ, ಜನರೇಟರ್, ರೂಮು, ನೀರು, ಕ್ಲೀನಿಂಗ್ ಎಲ್ಲ ಬಾಡಿಗೆಯಲ್ಲೇ. ಒಟ್ಟು 67,400. ಎಲೆಗೆ ನೂರ ಅರವತ್ತೆಂಟೂವರೆ.

ಅವರು ಹಾಳೆಯನ್ನು ಎರಡು ಸಲ ಓದಿದರು. 30 ಸಾವಿರ ಅಗ್ಗ ಅಂದುಕೊಂಡದ್ದು 3,400 ತುಟ್ಟಿಯಾಗಿ ಕೂತಿತ್ತು. ಈ ದರಗಳು ಊರಿಂದ ಊರಿಗೆ, ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತವೆ. ಎಲೆ ಇನ್ನೂರಕ್ಕಿಳಿದರೆ ಮತ್ತೆ ತಿರುಗಿ ಸಣ್ಣ ಹಾಲೇ ಸಲೀಸು ಆಗಬಹುದು, ಯಾಕೆಂದರೆ ಕುರ್ಚಿ, ನೀರು, ಪಾತ್ರೆ ಎಲ್ಲ ಇಳಿಯುತ್ತದೆ. ದೊಡ್ಡ ಹಾಲ್‌ನ ಬಾಡಿಗೆ ಮಾತ್ರ ಇಳಿಯುವುದಿಲ್ಲ. ಹಾಗಾಗಿ ನನ್ನ ಅಂಕಿ ಇಟ್ಟುಕೊಳ್ಳಬೇಡಿ, ನಿಮ್ಮದನ್ನು ಹಾಕಿಕೊಳ್ಳಿ.

ಹಾಲ್ ನೋಡಲು ಹೋದವರು ಸ್ಟೇಜ್ ನೋಡಿ ಖುಷಿಪಡುತ್ತಾರೆ. ನಾನು ಸೀದಾ ಊಟದ ಹಾಲ್‌ಗೆ ಹೋಗುತ್ತೇನೆ. ಅಲ್ಲಿ ಒಂದು ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ ಅಂತ ಎಣಿಸುತ್ತೇನೆ. 80 ಜನ ಅಂದರೆ ನಾನೂರು ಎಲೆಗೆ ಐದು ಪಂಕ್ತಿ. ಎಲೆ ಹಾಕಿ, ಬಡಿಸಿ, ಉಂಡು, ಎದ್ದು, ಮೇಜು ಒರೆಸುವಷ್ಟರಲ್ಲಿ ಒಂದು ಪಂಕ್ತಿಗೆ 40 ನಿಮಿಷ ಬೇಕು. ಐದಕ್ಕೆ ಮೂರು ತಾಸು ಇಪ್ಪತ್ತು ನಿಮಿಷ. ರಾತ್ರಿ ಏಳೂವರೆಗೆ ಮೊದಲ ಪಂಕ್ತಿ ಕೂತರೆ ಕೊನೆಯದು ಏಳುವಾಗ ಹತ್ತು ಐವತ್ತು. ಹಾಲ್‌ನವರ ಟೈಮು ಹತ್ತಕ್ಕೇ ಮುಗಿದಿದ್ದರೆ ಅಲ್ಲಿಂದ ತಾಸಿನ ಲೆಕ್ಕದಲ್ಲಿ ಹೆಚ್ಚಿನ ಬಾಡಿಗೆ, ಬಡಿಸುವವರಿಗೆ ಹೆಚ್ಚಿನ ಕೂಲಿ, ಬಸ್ಸಿಗೆ ರಾತ್ರಿ ಹಾಲ್ಟು. ಅದೇ 160 ಜನ ಕೂರುವ ಜಾಗವಾದರೆ ಮೂರು ಪಂಕ್ತಿಗೆ, ಎರಡು ತಾಸಿನಲ್ಲಿ ಊಟ ಮುಗಿಯುತ್ತದೆ. ಊಟದ ಹಾಲ್ ಸಣ್ಣದಿದ್ದಷ್ಟೂ ನಿಮ್ಮ ಬಿಲ್ಲು ಉದ್ದ.

ಜನರೇಟರ್ ವಿಷಯ ನಾನು ಪೆಟ್ಟು ತಿಂದೇ ಕಲಿತದ್ದು. ಈ ಕೆಲಸಕ್ಕೆ ಇಳಿದ ಎರಡನೇ ವರ್ಷ, ಕರಾವಳಿಯ ಒಂದು ಹಾಲ್. ಜನರೇಟರ್ ಇದೆಯಾ ಅಂತ ಕೇಳಿದ್ದೆ, ಇದೆ ಅಂದಿದ್ದರು. ಮೇ ಕೊನೆ. ಸಂಜೆ ಗುಡುಗು ಶುರುವಾಗಿ ಎಂಟು ಗಂಟೆಗೆ ಕರೆಂಟು ಹೋಯಿತು. ಜನರೇಟರ್ ಚಾಲೂ ಆಯಿತು, ಸ್ಟೇಜ್ ಝಗ್ಗನೆ ಬೆಳಗಿತು. ಊಟದ ಹಾಲ್ ಮಾತ್ರ ಕತ್ತಲೆ. ಆ ಲೈನು ಸ್ಟೇಜಿಗೆ, ಕೆಳಗಿನ ಹಾಲ್‌ಗೆ ಅಷ್ಟೇ ಎಳೆದದ್ದು. ಊಟದ ಹಾಲ್, ಅಡುಗೆಮನೆ, ಬೋರ್‌ವೆಲ್ ಪಂಪು ಯಾವುದಕ್ಕೂ ಇಲ್ಲ. ಮೊಬೈಲ್ ಬೆಳಕಿನಲ್ಲಿ ಮೂರನೇ ಪಂಕ್ತಿ ಉಂಡಿತು. ಕೈ ತೊಳೆಯಲು ಹೋದರೆ ನಲ್ಲಿಯಲ್ಲಿ ನೀರಿಲ್ಲ, ಮೇಲಿನ ಟಾಕಿ ಖಾಲಿ. ಒಬ್ಬ ಅಜ್ಜಿ ಪಾಯಸ ಮೆತ್ತಿದ ಬಲಗೈಯನ್ನು ಸೀರೆಗೆ ತಾಗದ ಹಾಗೆ ಎತ್ತಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ನಾನು ಅಡುಗೆಮನೆಯ ಹಂಡೆಯಿಂದ ಚೊಂಬಿನಲ್ಲಿ ನೀರು ತಂದು ಒಬ್ಬೊಬ್ಬರ ಕೈಗೆ ಹೊಯ್ದೆ. ಹುಡುಗಿಯ ತಂದೆ ಬಾಗಿಲಲ್ಲಿ ನಿಂತು ಎಲ್ಲರಲ್ಲೂ ಕ್ಷಮೆ ಕೇಳುತ್ತಿದ್ದರು. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಹಾಲ್ ನೋಡಲು ಹೋದಾಗಲೆಲ್ಲ ಮೇನ್ ಆಫ್ ಮಾಡಿಸಿ ಜನರೇಟರ್ ಚಾಲೂ ಮಾಡಿಸುತ್ತೇನೆ. ಎಲ್ಲಿ ಲೈಟು ಹತ್ತಿತು, ಎಲ್ಲಿ ಹತ್ತಲಿಲ್ಲ, ಪಂಪು ಎತ್ತುತ್ತದಾ ಅಂತ ಸುತ್ತು ಹಾಕಿ ನೋಡುತ್ತೇನೆ. ನೀವೂ ಕೇಳಿ, ಸಂಕೋಚ ಬೇಡ. ಕರೆಂಟ್ ಮೀಟರ್‌ನ ಫೋಟೋ ಒಳಗೆ ಹೋಗುವಾಗ ಒಂದು, ಹೊರಡುವಾಗ ಒಂದು ತೆಗೆದಿಡಿ. ನೀರಿನ ವಿಷಯವೂ ಹಾಗೆಯೇ. ಬೇಸಿಗೆಯಲ್ಲಿ ಸಮುದ್ರ, ಹೊಳೆಬಾಯಿ ಹತ್ತಿರದ ಎಷ್ಟೋ ಬಾವಿಗಳ ನೀರು ಸವಳಾಗುತ್ತದೆ. ನೀರು ಇದೆಯಾ ಅಂತ ಕೇಳಿದರೆ ಸಾಲದು, ಒಂದು ಗುಟುಕು ಕುಡಿದು ನೋಡಿ.

ಇನ್ನು ಹಾಲ್ ಎಲ್ಲಿರಬೇಕು ಅನ್ನುವುದು. ಘಟ್ಟದ ಮೇಲಿನವರೂ ಕೆಳಗಿನವರೂ ಬೀಗರಾದರೆ ಇದು ದೊಡ್ಡ ಖರ್ಚು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಸುಮಾರು 60 ಕಿಲೋಮೀಟರ್. ಬಾಡಿಗೆ ಬಸ್ಸಿನವರು ಶೆಡ್ಡಿನಿಂದ ಹೊರಟು ಶೆಡ್ಡಿಗೆ ಮರಳುವ ತನಕದ ಕಿಲೋಮೀಟರ್ ಹಿಡಿಯುತ್ತಾರೆ, ದಿನಕ್ಕೆ ಇಷ್ಟು ಅಂತ ಮಿನಿಮಮ್ಮೂ ಇರುತ್ತದೆ. ಅಂಕೋಲಾದ ಆ ಅಣ್ಣ ಬೀಗರಿಗೆ ಹತ್ತಿರ ಆಗಲಿ ಅಂತ ಕುಮಟಾದಲ್ಲಿ ಹಾಲ್ ಹುಡುಕಿದ್ದರು. ಬೀಗರ ಕಡೆಯಿಂದ ಬರುವವರು 60 ಜನ. ಇವರ ಊರಿನವರು ಮುನ್ನೂರಕ್ಕೂ ಜಾಸ್ತಿ, ಅವರೆಲ್ಲ ಮೂವತ್ತು ಚಿಲ್ಲರೆ ಕಿಲೋಮೀಟರ್ ಬರಬೇಕು. ಅರವತ್ತು ಜನರನ್ನು ಕರೆದುಕೊಂಡು ಬರುವ ಬಸ್ಸು ಅದೇ ದೂರ ಮುಂದೆ ಹೋದರೆ ಖರ್ಚು ಎಷ್ಟೋ ಕಡಿಮೆ. ಹಾಗಾಗಿ ಅಂಕೋಲಾದಲ್ಲೇ ಅದೇ ಮಟ್ಟದ, ಅದೇ ಬಾಡಿಗೆಯ ಹಾಲ್ ಹುಡುಕಿದೆವು. ಹೆಚ್ಚು ಎಲೆ ಎಲ್ಲಿದೆಯೋ ಹಾಲ್ ಅಲ್ಲಿ ಇರಲಿ.

ಜೊತೆಗೆ ನಾನು ಒಂದು ಹಟ ಹಿಡಿದೆ: ರಿಸೆಪ್ಷನ್ ಮಧ್ಯಾಹ್ನ ಇಡಿ. ರಾತ್ರಿ ಝಗಮಗ ಚಂದ, ಒಪ್ಪುತ್ತೇನೆ. ಆದರೆ ಮಧ್ಯಾಹ್ನವಾದರೆ ಸೀರಿಯಲ್ ಸೆಟ್ ಬೇಡ, ಜನರೇಟರ್ ಓಡುವುದು ಕಡಿಮೆ, ಸಂಜೆಯ ಮಳೆಯ ಹೆದರಿಕೆ ಇಲ್ಲ. ಬೀಗರು ಬೆಳಕಿದ್ದಾಗಲೇ ಘಟ್ಟ ಹತ್ತುತ್ತಾರೆ, ಮಲಗಲು ರೂಮು ಬೇಡ. ವಯಸ್ಸಾದವರಿಗೆ ರಾತ್ರಿ ಹತ್ತರ ಊಟಕ್ಕಿಂತ ಹಗಲಿನ ಊಟವೇ ಒಗ್ಗುತ್ತದೆ. ಬಜೆಟ್ ಬಿಗಿ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಇದುವರೆಗೆ ಕಂಡಿಲ್ಲ.

ಬೀಚ್ ಪಕ್ಕದ ಲಾನ್ ಬಗ್ಗೆ ಹುಡುಗರು ಜಾಸ್ತಿ ಕೇಳುತ್ತಾರೆ. ಡಿಸೆಂಬರ್, ಜನವರಿಯಲ್ಲಾದರೆ ಮಾಡಿ. ಏಪ್ರಿಲ್ ದಾಟಿತು ಅಂದರೆ ಶಾಮಿಯಾನ, ತಾಡಪಾಲು, ನೆಲಕ್ಕೆ ಹಲಗೆ ಅಂತ ಸೇರಿಸುತ್ತಾ ಹೋಗಬೇಕು. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗೂ ಇಲ್ಲ.

ಜಿಎಸ್‌ಟಿ ವಿಷಯ ಎರಡು ಮಾತು. ಹಾಲ್ ಬಾಡಿಗೆಗೆ ಶೇಕಡಾ 18. ಅಡುಗೆ ಕಾಂಟ್ರಾಕ್ಟಿಗೆ, ದೊಡ್ಡ ಹೋಟೆಲುಗಳನ್ನು ಬಿಟ್ಟರೆ, ಶೇಕಡಾ 5. ಸಾರ್ವಜನಿಕ ದೇವಸ್ಥಾನದ ಆವರಣದ ಸಭಾಭವನ, ಅದರ ಟ್ರಸ್ಟು ಆದಾಯ ತೆರಿಗೆ ಕಾಯ್ದೆಯಲ್ಲಿ ನೋಂದಣಿಯಾಗಿದ್ದು, ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ತೆರಿಗೆ ಇಲ್ಲ. 10,000 ಮುಟ್ಟಿತೋ, ಆ ರಿಯಾಯಿತಿ ಹೋಯಿತು. ವರ್ಷದ ವಹಿವಾಟು 20 ಲಕ್ಷದ ಒಳಗಿನ ಸಣ್ಣ ಹಾಲ್‌ನವರು ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗೂ ಇಲ್ಲ. ರಸೀದಿಯ ಮೇಲೆ ಅಕ್ಷರ, ಅಂಕಿ ಸೇರಿ 15 ಇರುವ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಆ 18 ಕೊಡಬೇಡಿ.

ರಸೀದಿಯಲ್ಲೇ ಇನ್ನೊಂದು ಬರೆಸಿ: ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ. "ಒಂದು ದಿನ" ಅಂದರೆ ಕೆಲವರಿಗೆ ಬೆಳಿಗ್ಗೆ ಆರರಿಂದ ಸಂಜೆ ಆರು, ಕೆಲವರಿಗೆ ಹಿಂದಿನ ಸಂಜೆಯಿಂದ ಮರುದಿನ ಸಂಜೆ. ಅಡುಗೆಯವರು ಹಿಂದಿನ ರಾತ್ರಿಯೇ ಬಂದು ತರಕಾರಿ ಹೆಚ್ಚಬೇಕು, ಡೆಕೋರೇಷನ್‌ನವರು ರಾತ್ರಿಯೇ ಕಟ್ಟಬೇಕು. ಆ ರಾತ್ರಿ ಯಾರ ಲೆಕ್ಕದಲ್ಲಿ? ತಾರೀಕು ಬದಲಾದರೆ ಅಡ್ವಾನ್ಸ್ ಏನಾಗುತ್ತದೆ? ಹೊರಗಿನ ಡೆಕೋರೇಷನ್‌ನವರನ್ನು ಒಳಗೆ ಬಿಡುತ್ತಾರಾ, ಅದಕ್ಕೂ ದುಡ್ಡು ಕೇಳುತ್ತಾರಾ? 2020ರ ಲಾಕ್‌ಡೌನ್‌ನಲ್ಲಿ ಬಾಯಿಮಾತಿನ ಮೇಲೆ ಅಡ್ವಾನ್ಸ್ ಕೊಟ್ಟು ಕೈಸುಟ್ಟುಕೊಂಡ ಮನೆಗಳು ನನಗೆ ಗೊತ್ತು.

ಕೊನೆಗೆ ಎಲೆ ಎಷ್ಟು ಅನ್ನುವುದನ್ನೇ ಬಿಗಿ ಹಿಡಿಯಬೇಕು. ಅಡುಗೆಯವರಿಗೆ ಒಪ್ಪಿದ ಎಲೆಗೆ ದುಡ್ಡು ಕೊಡಲೇಬೇಕು, ಜನ ಬರಲಿ ಬಿಡಲಿ. ಕಾಗದ ಎಷ್ಟು ಹಂಚಿದಿರಿ ಅಂತ ಎಣಿಸಬೇಡಿ. ಮನೆಯಿಂದ ಒಬ್ಬರು ಬರುವ ಕರೆಯೋ, ಮನೆಮಂದಿಯೆಲ್ಲ ಬರುವ ಕರೆಯೋ ಅಂತ ಪ್ರತಿ ಹೆಸರಿನ ಮುಂದೆ ಗುರುತು ಹಾಕಿ. ಅವತ್ತೇ ಊರಲ್ಲಿ ಬೇರೆ ಎಷ್ಟು ಕಾರ್ಯ ಇದೆ ಕೇಳಿ. ಒಳ್ಳೆ ಮುಹೂರ್ತದ ದಿನ ಒಬ್ಬರೇ ಮೂರು ಕಡೆ ಹೋಗುತ್ತಾರೆ, ಉಣ್ಣುವುದು ಒಂದೇ ಕಡೆ.

ಅಂಕೋಲಾದವರು ಹಾಗೆ ಗುರುತು ಹಾಕಿದಾಗ ನಾನೂರು ಹೋಗಿ 370 ಆಯಿತು. ಅಡುಗೆಯವರಿಗೆ ಅಷ್ಟೇ ಹೇಳಿದೆವು, ಬಾಳೆ ಎಲೆ ಮಾತ್ರ 400 ತರಿಸಿದೆವು. ರಿಸೆಪ್ಷನ್ ದಿನ ಮಧ್ಯಾಹ್ನ ಮೂರೂವರೆಗೆ ಕೊನೆಯ ಪಂಕ್ತಿ ಎದ್ದಿತು. ಅಡುಗೆಮನೆ ಕಟ್ಟೆಯ ಮೇಲೆ ಉಳಿದ ಎಲೆಗಳನ್ನು ಅವರು ತಾವೇ ಕೂತು ಎಣಿಸಿದರು. 28. ಅಂದರೆ ಉಂಡದ್ದು 372. ಹಾಲ್ ಖರ್ಚು ಕರೆಂಟು ಸೇರಿ 66,960 ಆಗಿತ್ತು. ಕಿಸೆಯಿಂದ ಅದೇ ಹಾಳೆ ತೆಗೆದು, ಮಡಿಕೆ ಹರಿಯುತ್ತಿದ್ದ ಜಾಗ ಬಿಟ್ಟು, ಮೂಲೆಯಲ್ಲಿ ಭಾಗಿಸಿ ನನಗೆ ತೋರಿಸಿದರು. ಎಲೆಗೆ 180.