ವರ್ಟಿಕಲ್ ಸ್ಲೈಸ್: ಆಟಕ್ಕಿಂತ ಮೊದಲು ಹುಟ್ಟುವ ತುಣುಕು

ಯಾವುದಾದರೂ ದೊಡ್ಡ ಫ್ಯಾಂಟಸಿ ಆಟದ ಟ್ರೇಲರ್ ಬಿಡುಗಡೆಯಾದರೆ ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಣೆ ಶುರುವಾಗುತ್ತದೆ. "ಅಣ್ಣಾ, ಇದು ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯೇ? RAM ಹೆಚ್ಚಿಸಿದರೆ ಸಾಕೇ?" ವಿದ್ಯಾನಗರದ ಹಾಸ್ಟೆಲ್ಲುಗಳಲ್ಲಿ ಅದೇ ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ ನೋಡುವವರ ಗುಂಪಿನಲ್ಲಿ ಗೊಣಗುವವನೊಬ್ಬ ಇದ್ದೇ ಇರುತ್ತಾನೆ: "ಇದೆಲ್ಲ ತೋರಿಕೆಗೆ ಮಾಡಿದ್ದು. ಕೈಗೆ ಬರುವ ಆಟ ಹೀಗಿರುವುದಿಲ್ಲ." ಒಬ್ಬ ಕಂಡದ್ದನ್ನೆಲ್ಲ ನಂಬುತ್ತಾನೆ, ಇನ್ನೊಬ್ಬ ಏನನ್ನೂ ನಂಬುವುದಿಲ್ಲ. ಆದರೆ ತಾವು ನೋಡುತ್ತಿರುವುದು ಏನು ಎಂದು ಇಬ್ಬರೂ ಕೇಳಿಕೊಂಡಿರುವುದಿಲ್ಲ. ಎಷ್ಟೋ ಸಲ ಅದು ಆಟವೂ ಅಲ್ಲ, ಬರೀ ಚಲನಚಿತ್ರವೂ ಅಲ್ಲ. ಆಟ ತಯಾರಿಸುವವರು ಅದನ್ನು ವರ್ಟಿಕಲ್ ಸ್ಲೈಸ್ ಎನ್ನುತ್ತಾರೆ.

ಒಂದು ವಿಡಿಯೊ ಆಟದಲ್ಲಿ ಹಲವು ಪದರಗಳಿರುತ್ತವೆ. ತಳದಲ್ಲಿ ಆಟವನ್ನು ಓಡಿಸುವ ಮೂಲ ತಂತ್ರಾಂಶವಾದ ಎಂಜಿನ್, ಅದರ ಮೇಲೆ ಪಾತ್ರದ ನಡಿಗೆ, ಕಾಳಗ, ಶತ್ರುಗಳ ಬುದ್ಧಿ, ಸಂಭಾಷಣೆ, ಧ್ವನಿ, ಬೆಳಕು, ಕೊನೆಗೆ ಮೆನುವಿನ ಅಕ್ಷರಗಳವರೆಗೆ. ಇವೆಲ್ಲ ಒಟ್ಟಿಗೆ ಬೆಳೆಯುವುದಿಲ್ಲ. ಇಡೀ ರಾಜ್ಯದ ನಕ್ಷೆ ತಯಾರಿದ್ದರೂ ಮನೆಗಳ ಜಾಗದಲ್ಲಿ ಬೂದುಬಣ್ಣದ ಪೆಟ್ಟಿಗೆಗಳಷ್ಟೇ ನಿಂತಿರಬಹುದು. ಕಾಳಗ ಚೆನ್ನಾಗಿ ನಡೆಯುತ್ತಿದ್ದರೂ ಖಡ್ಗಕ್ಕೆ ಸದ್ದಿಲ್ಲದಿರಬಹುದು. ವರ್ಟಿಕಲ್ ಸ್ಲೈಸ್ ಎಂದರೆ ಒಂದು ಬೀದಿ, ಒಂದು ಗುಹೆ ಅಥವಾ ಒಂದು ರಾಕ್ಷಸನ ಬೇಟೆಯನ್ನು ಆರಿಸಿಕೊಂಡು, ಅಷ್ಟು ಜಾಗದ ಮಟ್ಟಿಗೆ ಎಲ್ಲ ಪದರಗಳನ್ನೂ ಮಾರಾಟದ ಗುಣಮಟ್ಟಕ್ಕೆ ತರುವುದು. ಆ ಬೀದಿಯ ತಿರುವಿನಾಚೆ ಏನೂ ಇರಬೇಕಾಗಿಲ್ಲ.

ಇದರಲ್ಲಿ ಮೋಸವಿಲ್ಲ, ಏಕೆಂದರೆ ಸ್ಲೈಸ್ ಮೂಲತಃ ಜನರಿಗೆ ತೋರಿಸಲು ಮಾಡಿದ್ದೇ ಅಲ್ಲ. ಆಟ ನಿರ್ಮಾಣದ ವಿಧಾನದ ಬಗ್ಗೆ ಮಾರ್ಕ್ ಸರ್ನಿ 2002ರಲ್ಲಿ ಒಂದು ಉಪನ್ಯಾಸ ಕೊಟ್ಟರು. ಸೋನಿಯ ಆಟದ ಯಂತ್ರಗಳಾದ ಪಿಎಸ್4, ಪಿಎಸ್5ಗಳ ವಿನ್ಯಾಸದ ಹಿರಿತನ ಮುಂದೆ ಇವರದೇ ಆಯಿತು. ದೊಡ್ಡ ಮೊತ್ತ ಸುರಿಯುವ ಮೊದಲು ಪ್ರಕಟಣೆಗೆ ಯೋಗ್ಯವಾದ ಸಣ್ಣ ಭಾಗವೊಂದನ್ನು ಪೂರ್ತಿ ಮಾಡಿ ನೋಡಿ, ಅದು ಸೊಗಸಾಗದಿದ್ದರೆ ಯೋಜನೆಯನ್ನೇ ಕೈಬಿಡಿ ಎಂಬುದು ಅಲ್ಲಿನ ವಾದದ ತಿರುಳು. ನೂರಾರು ಜನ ವರ್ಷಗಟ್ಟಲೆ ದುಡಿಯಬೇಕಾದ ಕೆಲಸಕ್ಕೆ ಇದು ವಿವೇಕದ ಮಾತು. ಹಣ ಹಾಕುವ ಪ್ರಕಾಶಕರಿಗೂ ಕಂತು ಬಿಡುಗಡೆ ಮಾಡಲು ಕಣ್ಣಿಗೆ ಕಾಣುವ ಆಧಾರವೊಂದು ಸಿಗುತ್ತದೆ. ತೊಡಕು ಶುರುವಾಗುವುದು ಒಳಮನೆಯ ಈ ಪರೀಕ್ಷಾವಸ್ತುವನ್ನು ವೇದಿಕೆಗೆ ತಂದು, ಸಂಗೀತ ಹಾಕಿ, ಸಾವಿರಾರು ಜನರ ಮುಂದೆ ಆಡಿ ತೋರಿಸಿದಾಗ.

ನೋಡುವವರು ಅದನ್ನು ಮಾದರಿ ಎಂದುಕೊಳ್ಳುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅನುಭವಸ್ಥ ವ್ಯಾಪಾರಿ ಚೀಲದ ಬಾಯಲ್ಲಿರುವ ಕಾಯಿಗಳನ್ನಷ್ಟೇ ನೋಡಿ ದರ ಬರೆಯುವುದಿಲ್ಲ. ಕೈಯನ್ನು ಆಳಕ್ಕೆ ಇಳಿಸಿ ತಳದ ಕಾಯಿಯನ್ನೂ ಎಳೆದು ಬಣ್ಣ, ಸುಕ್ಕು, ತೇವ ನೋಡುತ್ತಾನೆ. ಅಲ್ಲಿ ಚೀಲ ತುಂಬಿದೆ, ಹಿಡಿ ಕಾಯಿ ಅದರೊಳಗಿನಿಂದ ಬಂದಿದೆ. ವರ್ಟಿಕಲ್ ಸ್ಲೈಸ್ ವಿಷಯದಲ್ಲಿ ಚೀಲವೇ ಇನ್ನೂ ಇಲ್ಲ. ಹೊಲ ಬಿತ್ತುವ ಮೊದಲು ಕುಂಡದಲ್ಲಿ ಆರೈಕೆ ಮಾಡಿ ಬೆಳೆಸಿದ ಒಂದೇ ಗಿಡ ಅದು. ಗಿಡ ನಿಜ, ಕಾಯಿಯೂ ನಿಜ. ನೂರು ಎಕರೆಯಲ್ಲಿ ಅದೇ ಕಾಯಿ ಬರುತ್ತದೆಯೇ ಎಂಬುದಕ್ಕೆ ಅದು ಉತ್ತರ ಕೊಡಲಾರದು.

ಈ ಪದ ಆಟಗಾರರ ಬಾಯಿಗೆ ಬಂದ ಪ್ರಸಂಗಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸೈಬರ್‌ಪಂಕ್ 2077 ಆಟದ್ದು. ಅದು ಫ್ಯಾಂಟಸಿಯಲ್ಲ, ಭವಿಷ್ಯದ ನಗರವೊಂದರ ಕಥೆ. ಆದರೆ ಆಟಗಾರನೇ ಪಾತ್ರವನ್ನು ಬೆಳೆಸುತ್ತ ಹೋಗುವ ಆರ್‌ಪಿಜಿ ಜಾತಿಯದೇ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2018ರ ಜೂನ್‌ನಲ್ಲಿ ಪತ್ರಕರ್ತರಿಗೆ ಮುಚ್ಚಿದ ಬಾಗಿಲ ಹಿಂದೆ ತೋರಿಸಿದ ಡೆಮೊವನ್ನು ಅದೇ ಆಗಸ್ಟ್‌ನಲ್ಲಿ 48 ನಿಮಿಷಗಳ ವಿಡಿಯೊವಾಗಿ ಜನರಿಗೂ ಬಿಟ್ಟಿತು. ಕೆಲಸ ಇನ್ನೂ ನಡೆಯುತ್ತಿದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಬೆರಗಾಗಿ ಕುಳಿತವರು ಅಂಥದ್ದನ್ನು ಓದುವುದಿಲ್ಲ. ಏಪ್ರಿಲ್, ಸೆಪ್ಟೆಂಬರ್, ನವೆಂಬರ್ ಎಂದು ತಾರೀಕು ಮುಂದೆ ಹೋಗುತ್ತ ಆಟ ಬಂದದ್ದು 2020ರ ಡಿಸೆಂಬರ್ 10ರಂದು. ಹಳೆಯ ಪಿಎಸ್4 ಯಂತ್ರಗಳಲ್ಲಿ ಅದು ಎಷ್ಟು ಕುಂಟಿತೆಂದರೆ ಸುಮಾರು ಒಂದು ವಾರದಲ್ಲೇ ಸೋನಿ ತನ್ನ ಆನ್‌ಲೈನ್ ಮಳಿಗೆಯಿಂದ ಅದನ್ನು ತೆಗೆಯುವುದಾಗಿ ಘೋಷಿಸಿ ಹಣ ಹಿಂದಿರುಗಿಸತೊಡಗಿತು. ಅದು ಮತ್ತೆ ಅಲ್ಲಿ ಕಾಣಿಸಿಕೊಂಡದ್ದು 2021ರ ಜೂನ್‌ನಲ್ಲಿ.

2018ರ ಆ ಡೆಮೊ ಬಹುಪಾಲು ನಕಲಿ ಎಂದು 2021ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ವರದಿ ಮಾಡಿತು. ಸ್ಟುಡಿಯೊ ಮುಖ್ಯಸ್ಥ ಆಡಮ್ ಬದೋವ್ಸ್ಕಿ ಕೊಟ್ಟ ಪ್ರತ್ಯುತ್ತರ ಗಮನಿಸುವಂಥದ್ದು: ಬಿಡುಗಡೆಗೆ ಎರಡು ವರ್ಷ ಮೊದಲು ಪ್ರದರ್ಶನದಲ್ಲಿ ತೋರಿಸುವುದು ವರ್ಟಿಕಲ್ ಸ್ಲೈಸ್ ಅಲ್ಲದೆ ಬೇರೇನಾಗಲು ಕಷ್ಟ, ಹಾಗೆಂದು ಅದು ನಕಲಿಯಾಗುವುದಿಲ್ಲ. ತಾಂತ್ರಿಕವಾಗಿ ಮಾತು ಸರಿಯೇ. ಆದರೆ ಆಟ ಬಂದು ತಿಂಗಳಾದ ಮೇಲೆ ಅದನ್ನು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ; ಹೇಳಬೇಕಾದದ್ದು ತೋರಿಸುವ ದಿನ, ಡೆಮೊದಷ್ಟೇ ದೊಡ್ಡ ಧ್ವನಿಯಲ್ಲಿ.

ಬಯೋವೇರ್‌ನ ಆಂಥೆಮ್ ಕಥೆ ಇನ್ನೂ ವಿಚಿತ್ರ. 2017ರಲ್ಲಿ ತೋರಿಸಿದ ಅದರ ಡೆಮೊದಲ್ಲಿ ಕವಚ ತೊಟ್ಟ ಯೋಧರು ಕಾಡಿನ ಮೇಲೆ ಹಾರಾಡುತ್ತಿದ್ದರು. ತಾವು ಯಾವ ಆಟ ಮಾಡುತ್ತಿದ್ದೇವೆ ಎಂಬುದು ತಂಡದ ಹಲವರಿಗೇ ಸ್ಪಷ್ಟವಾದದ್ದು ಆ ಡೆಮೊ ನೋಡಿದ ಮೇಲೆ ಎಂದು 2019ರಲ್ಲಿ ಕೊಟಾಕು ಜಾಲತಾಣದ ತನಿಖಾ ವರದಿ ಹೇಳಿತು. ಕುಂಡದ ಗಿಡ ನೋಡಿ ಯಾವ ಬೆಳೆ ಹಾಕಬೇಕೆಂದು ರೈತ ನಿರ್ಧರಿಸಿದಂತಾಯಿತು!

ಓಟದ ಆಟ, ಕಾರಿನ ಆಟಗಳಿಗೆ ಈ ತೊಂದರೆ ಇಷ್ಟಿಲ್ಲ. ಹತ್ತು ನಿಮಿಷದ ಕಾರ್ ರೇಸ್ ಚೆನ್ನಾಗಿದ್ದರೆ ಹನ್ನೊಂದನೆಯ ನಿಮಿಷವೂ ಬಹುತೇಕ ಹಾಗೆಯೇ ಇರುತ್ತದೆ. ಫ್ಯಾಂಟಸಿ ಆರ್‌ಪಿಜಿ ಮಾರುವುದು ಕ್ಷಣವನ್ನಲ್ಲ, ಪರಿಣಾಮವನ್ನು. ಐದನೆಯ ತಾಸಿನಲ್ಲಿ ನೀವು ಬಿಟ್ಟುಬಿಟ್ಟ ಕಳ್ಳ ಅರವತ್ತನೆಯ ತಾಸಿನಲ್ಲಿ ಮಂತ್ರಿಯಾಗಿ ಎದುರು ನಿಲ್ಲುತ್ತಾನೆಯೇ? ಮೂವತ್ತನೆಯ ಗುಹೆ ಮೂರನೆಯ ಗುಹೆಯ ಪಡಿಯಚ್ಚೇ? ಪಾತ್ರ ಬಲಿಷ್ಠವಾದ ಮೇಲೂ ಕಾಳಗದಲ್ಲಿ ಬಿಗಿ ಉಳಿದಿರುತ್ತದೆಯೇ? ಜೇಬಿನಲ್ಲಿ ಹೊನ್ನು ರಾಶಿಯಾದ ಮೇಲೆ ಅಂಗಡಿಗೆ ಹೋಗಲು ಕಾರಣವಾದರೂ ಉಳಿಯುತ್ತದೆಯೇ? ಈ ಬಗೆಯ ಆಟವನ್ನು ಬಯಸುವವನು ಬಯಸುವುದು ಇವನ್ನೇ. ಇವುಗಳಲ್ಲಿ ಒಂದನ್ನೂ ಸ್ಲೈಸ್ ತೋರಿಸಲಾರದು. ಬೆಟ್ಟದ ಮೇಲಿನ ಕೋಟೆ, ಕುದುರೆಯ ಕೂದಲು, ಒದ್ದೆ ಕಲ್ಲಿನ ಮೇಲಿನ ದೀಪದ ಪ್ರತಿಫಲನ ಮಾತ್ರ ಅದಕ್ಕೆ ಸಾಧ್ಯ. ನಿರೀಕ್ಷೆ ಅತಿ ಹೆಚ್ಚಿರುವ ಜಾತಿಯ ಆಟಕ್ಕೇ ಸ್ಲೈಸ್ ಅತಿ ಕಡಿಮೆ ಸಾಕ್ಷ್ಯ ಒದಗಿಸುತ್ತದೆ.

ಇಷ್ಟು ಓದಿ ಗೊಣಗುವವನು ಗೆದ್ದೆ ಎಂದುಕೊಳ್ಳಬಾರದು. ಸೈಬರ್‌ಪಂಕ್ ಮಾಡಿದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯದೇ ಆದ ದಿ ವಿಚರ್ 3, 2013ರಲ್ಲಿ ತೋರಿಸಿದ ಬೆಳಕು, ಹೊಗೆ, ಹುಲ್ಲುಗಳೊಂದಿಗೆ 2015ರ ಮೇ 19ರಂದು ಬರಲಿಲ್ಲ. ಆಟಗಾರರು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ರಂಪ ಮಾಡಿದರು. ಪ್ರದರ್ಶನಕ್ಕೆಂದು ಕಟ್ಟಿದ ಭಾಗ ಅಲ್ಲಿ ಸೊಗಸಾಗಿ ಓಡಿತು, ಅದನ್ನೇ ತೆರೆದ ಲೋಕದೊಳಗೆ ಇಟ್ಟಾಗ ಕೆಲಸ ಮಾಡಲಿಲ್ಲ ಎಂಬರ್ಥದಲ್ಲಿ ಸಂಸ್ಥಾಪಕ ಮಾರ್ಚಿನ್ ಇವಿನ್ಸ್ಕಿ ಒಪ್ಪಿಕೊಂಡರು. ಆದರೂ ಆ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿ ಅದಕ್ಕೇ ಹೋಯಿತು, ಜನ ಇಂದಿಗೂ ಆಡುತ್ತಿದ್ದಾರೆ. ಸ್ಲೈಸಿಗಿಂತ ಹುಲ್ಲು ಕಳಪೆಯಾಯಿತು; ಸ್ಲೈಸ್ ತೋರಿಸಲಾಗದ ಕಥೆಯೋ ಬಲು ಚೆನ್ನಾಗಿತ್ತು. ಅನುಮಾನಿಸುವವನೂ ನಂಬುವವನಂತೆ ಅದೇ ಹುಲ್ಲನ್ನೇ ನೋಡುತ್ತ ಕುಳಿತಿದ್ದರೆ ಅವನ ಅನುಮಾನಕ್ಕೂ ಬೆಲೆಯಿಲ್ಲ.

ಬೆಲ್ಜಿಯಮ್ಮಿನ ಲಾರಿಯನ್ ಸ್ಟುಡಿಯೋಸ್ ಬೇರೆ ದಾರಿ ಹಿಡಿಯಿತು. ಬಾಲ್ಡರ್ಸ್ ಗೇಟ್ 3 ಆಟದ ಮೊದಲ ಅಂಕವನ್ನು 2020ರ ಅಕ್ಟೋಬರ್‌ನಲ್ಲೇ ಮಾರಾಟಕ್ಕಿಟ್ಟು, ಆಡಿದವರ ದೂರುಗಳನ್ನು ಕೇಳುತ್ತ ಸುಮಾರು ಮೂರು ವರ್ಷ ತಿದ್ದಿತು. ಹತ್ತಾರು ತಾಸು ಆಡಬಹುದಾದ ಈ ಭಾಗದಲ್ಲಿ ಆಯ್ಕೆಗಳಿಗೆ ಪರಿಣಾಮವಿದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು. ಪೂರ್ತಿ ಆಟ 2023ರ ಆಗಸ್ಟ್ 3ರಂದು ಬಂದು ವರ್ಷದ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಒಂದು ಸಂಗತಿ ಮಾತ್ರ ಅಭಿಮಾನಿಗಳಿಗೂ ಕಂಡಿತು: ಸಾವಿರಾರು ಜನ ತಿದ್ದಿಸಿದ ಮೊದಲ ಅಂಕದಷ್ಟು ನಯ ಮೂರನೆಯ ಅಂಕಕ್ಕೆ ಇರಲಿಲ್ಲ, ಮಹಾನಗರದ ಬೀದಿಗಳಲ್ಲಿ ಯಂತ್ರಗಳು ಏದುಸಿರು ಬಿಟ್ಟವು.

ಈಗ ಸರದಿ ದಿ ವಿಚರ್ 4 ಆಟದ್ದು. 2024ರ ಡಿಸೆಂಬರ್‌ನಲ್ಲಿ ಟ್ರೇಲರ್ ಬಂತು. 2025ರ ಜೂನ್‌ನಲ್ಲಿ ಅನ್‌ರಿಯಲ್ ಎಂಜಿನ್ 5ರ ಸಾಮರ್ಥ್ಯ ತೋರಿಸಲು ಸಿರಿ ಎಂಬ ನಾಯಕಿ ಕುದುರೆಯೇರಿ ಹಿಮದ ಕಣಿವೆಯಿಂದ ಗಿಜಿಗುಡುವ ಸಂತೆಗೆ ಇಳಿಯುವ ಪ್ರದರ್ಶನ ನಡೆಯಿತು. ಸಾಮಾನ್ಯ ಪಿಎಸ್5 ಯಂತ್ರದಲ್ಲಿ ಸೆಕೆಂಡಿಗೆ 60 ಚಿತ್ರಗಳ (ಫ್ರೇಮ್‌) ವೇಗದಲ್ಲಿ ಓಡಿದ್ದರಿಂದ ಎಲ್ಲರೂ ಹುಬ್ಬೇರಿಸಿದರು. ಇದು ತಂತ್ರಜ್ಞಾನದ ಪ್ರದರ್ಶನ, ಆಟದ ತುಣುಕಲ್ಲ ಎಂದು ಸಂಸ್ಥೆ ಈ ಸಲ ಸ್ಪಷ್ಟವಾಗಿಯೇ ಹೇಳಿತು. ಅಂದರೆ ಇದು ವರ್ಟಿಕಲ್ ಸ್ಲೈಸ್ ಕೂಡ ಅಲ್ಲ, ಅದಕ್ಕೂ ಒಂದು ಮೆಟ್ಟಿಲು ಕೆಳಗಿನದು. ಸೈಬರ್‌ಪಂಕ್‌ನ ಪೆಟ್ಟು ಈ ಎಚ್ಚರದ ಹಿಂದಿದೆ ಎಂದು ನನ್ನ ಊಹೆ.

ಖರೀದಿಯ ಹೊತ್ತಿಗೆ ಇನ್ನೊಂದು ಸ್ಲೈಸ್ ಕಾದಿರುತ್ತದೆ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಕೊಂಡ 14 ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಆದರೆ ನೂರು ತಾಸಿನ ಆರ್‌ಪಿಜಿಯಲ್ಲಿ ಮೊದಲ ಎರಡು ತಾಸು ಎಂದರೆ ಸ್ಟುಡಿಯೊ ಎಲ್ಲಕ್ಕಿಂತ ಹೆಚ್ಚು ಉಜ್ಜಿ ಹೊಳಪಿಸಿದ ಭಾಗ; ಪಾತ್ರದ ಮುಖ ತಿದ್ದುವುದರಲ್ಲೇ ಕೆಲವರಿಗೆ ಅರ್ಧ ತಾಸು ಹೋಗುತ್ತದೆ. ಮುಂಗಡ ವಿಮರ್ಶೆಗಳನ್ನೂ ಯಾವ ಯಂತ್ರದಲ್ಲಿ ಆಡಿ ಬರೆದದ್ದು ಎಂದು ನೋಡಿಯೇ ಓದಬೇಕು. 2020ರಲ್ಲಿ ಸೈಬರ್‌ಪಂಕ್ ವಿಮರ್ಶಕರಿಗೆ ಮುಂಚಿತವಾಗಿ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ, ತಾವೇ ಚಿತ್ರೀಕರಿಸಿದ ಆಟದ ದೃಶ್ಯಗಳನ್ನು ತೋರಿಸಲು ಅವರಿಗೆ ಅನುಮತಿಯಿರಲಿಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಓದುವ ಹುಡುಗ ತನ್ನ ಮೂರು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಮೂರ್ನಾಲ್ಕು ಸಾವಿರ ರೂಪಾಯಿಯ ಆಟ ಕೊಳ್ಳುವ ಮೊದಲು ಹುಡುಕಬೇಕಾದದ್ದು ಅಂಥದೇ ಯಂತ್ರದಲ್ಲಿ, ಆಟದ ನಡುಭಾಗ ದಾಟಿದ ಯಾರೋ ಒಬ್ಬರ ವಿಡಿಯೊ. ಬಿಡುಗಡೆಯಾಗಿ ಹತ್ತು ದಿನ ಕಾದರೆ ಅದು ಸಿಗುತ್ತದೆ.